ಟಾವೆಲ್ ಹೊದ್ದ ಬೆಳಕು

ಸಾಸಿವೆಕಾಳಿಗಿಂತ ತುಸುವೇ ದೊಡ್ಡದಾದ ಒಂದು ವಸ್ತುವಿಗೆ ನಮ್ಮ ಮಾಮಾ ಬೀಸಿದಷ್ಟು ಗಾಳಿಯನ್ನು ಈ ಸೋಲಾಪುರದಲ್ಲಿ ಯಾವ ತಾಯಿಯೂ ತನ್ನ ಕೂಸಿಗೆ ಬೀಸಿರಲಾರಳು. ಉತ್ಪ್ರೇಕ್ಷೆ ಎನ್ನುವವರು ಮಾಮಿಯನ್ನು ಕೇಳಬಹುದು. ಹೋದ ಮೇ ತಿಂಗಳಲ್ಲಿ ಮಾಮಿಗೆ ಜ್ವರ ಬಂದಾಗ ಮನೆಯ ಥರ್ಮಾಮೀಟರು ಎಲ್ಲಿತ್ತು? ಮಾಮಾನ ಮೇಜಿನ ಮೇಲೆ, ಆ ವಸ್ತುವಿನ ಮಗ್ಗುಲಲ್ಲಿ!

"ಮೊದಲ ಅದಕ್ಕ ನೋಡ್ರಿ. ಅದರ ಜ್ವರ ಇಳದ ಮ್ಯಾಲೆ ನನಗ ನೋಡೀರಂತ," ಎಂದು ಮಾಮಿ ಗೋಡೆಯ ಕಡೆ ತಿರುಗಿ ಮಲಗಿದರು. ಮಾಮಾ ಅದನ್ನು ಅನುಮತಿಯೆಂದೇ ತಿಳಿದರು.

ಆ ವಸ್ತುವಿನ ಹೆಸರು ಲೇಸರ್ ಡಯೋಡು. ಮಾಮಾ ನನ್ನ ತಾಯಿಯ ತಮ್ಮ, ಟಾವೆಲ್ ವ್ಯಾಪಾರಿ. ಅಂಗಡಿಗೆ ಬಂದ ಗಿರಾಕಿ ಟಾವೆಲ್ಲಿನ ಬಣ್ಣ ಹೋಗುತ್ತದೆಯೇ ಎಂದು ಕೇಳಿದರೆ, ಮಾಮಾ ಬೆಳಕಿನ ಬಣ್ಣದ ಬಗ್ಗೆ ಹೇಳಿ ಕಳಿಸುತ್ತಿದ್ದರು. ಕೈಯಲ್ಲಿ ಹಿಡಿಯುವ ಬ್ಯಾಟರಿಯಷ್ಟೇ ಉದ್ದದ ಒಂದು ಲೇಸರನ್ನು ಮನೆಯಲ್ಲೇ ಮಾಡಬೇಕೆಂಬುದು ಅವರ ಹಟ. ಅಡ್ಡಿಯಾಗಿದ್ದದ್ದು ಒಂದೇ: ಡಯೋಡಿಗೆ ಕೊಟ್ಟ ವಿದ್ಯುತ್ತಿನಲ್ಲಿ ಬೆಳಕಾಗುವುದು ಸ್ವಲ್ಪ, ಉಳಿದದ್ದೆಲ್ಲ ಬಿಸಿ. ಆ ಬಿಸಿಯನ್ನು ಕೂಡಲೇ ಹೊರಗೆ ಸಾಗಿಸದಿದ್ದರೆ ಬೆಳಕು ಮಂಕಾಗುತ್ತದೆ, ಆಮೇಲೆ ಡಯೋಡು ಸತ್ತೇ ಹೋಗುತ್ತದೆ.

"ಬೆಳಕಿಗಿ ಮುಂಚಿ ಬಾಗಲಾ ಅದ. ಬಿಸಿಗಿ ಹಿತ್ತಲ ಬಾಗಲಾ ನಾವು ಮಾಡಿ ಕೊಡಬೇಕು. ಇಷ್ಟ ನೋಡ್ರಿ ಕತಿ," ಎನ್ನುತ್ತಿದ್ದರು ಮಾಮಾ. ಸೋಲಾಪುರದ ಬೇಸಿಗೆಯಲ್ಲಿ ಹಿತ್ತಲ ಬಾಗಿಲು ತೆರೆದರೆ ಹೊರಗಿನ ಬಿಸಿಯೇ ಒಳಗೆ ಬರುತ್ತದಲ್ಲ ಎಂದು ಅವರನ್ನು ಯಾರು ಕೇಳಬೇಕು?

ಇಷ್ಟೆಲ್ಲ ಯಾಕೆ ಎಂದರೆ ದೊಡ್ಡವ್ವನಿಗಾಗಿ. ದೊಡ್ಡವ್ವ ಎಂದರೆ ಮಾಮಾನ ಹಿರಿಯಕ್ಕ. ಅಕ್ಕಲಕೋಟೆಯಿಂದ ದುಧನಿಯ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಅವಳ ಜೋಳದ ಹೊಲ. ತೆನೆ ಹಾಲುಗಾಳಾದಾಗ ಅಟ್ಟಣೆ ಹತ್ತಿ ಅವಳು ಕೂಗಿದರೆ ನಾಲ್ಕು ಹೊಲದಾಚೆಯ ಗಿಳಿಗಳೂ ಎದ್ದು ಹೋಗುತ್ತಿದ್ದವು. ಆ ಗಂಟಲಲ್ಲಿ ಗಂಟಾಯಿತು. ಗಂಟು ತೆಗೆದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: ಮುಂದಿನ ಸುಗ್ಗಿ ಮುಗಿಯುವವರೆಗೂ ಕೂಗುವಂತಿಲ್ಲ, ಕೂಗಿದರೆ ಇರುವ ದನಿಯೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮೆಲ್ಲಗೆ ಮಾತಾಡಬಹುದು ಎಂದೂ ಹೇಳಿದ್ದರು. ಆದರೆ ಮೆಲ್ಲಗೆ ಮಾತಾಡಿ ದೊಡ್ಡವ್ವನಿಗೆ ಅಭ್ಯಾಸವಿಲ್ಲ! ಆದ್ದರಿಂದ ಒಂದು ಪಾಟಿ ಹಿಡಿದಳು. ಬರೆಯುವುದು ಕನ್ನಡ, ಅಕ್ಷರ ಮರಾಠಿ. ಬೈಗುಳಗಳಿಗೆ ಎರಡೂ.

ಹಕ್ಕಿ ಕಾಯಲು ಆಳು ಇಡು ಎಂದರೆ ಪಾಟಿಯ ಮೇಲೆ ಬರೆದಳು: "ಆಳು ಮೊಬೈಲ್ ನೋಡ್ತಾನ. ಗಿಳಿ ಜ್ವಾಳಾ ನೋಡ್ತಾವ." ಪಟಾಕಿ ಹೊಡೆ ಎಂದರೆ ಎತ್ತು ಬೆದರುತ್ತದೆ. ಕವಣೆ ಬೀಸಲು ಭುಜ ಏಳುವುದಿಲ್ಲ. ಹಾಗಾದರೆ ತೆನೆ ಬಂದ ಮೇಲೆ ಏನು ಮಾಡುತ್ತೀ ಎಂದದ್ದಕ್ಕೆ ಅವಳು ಪಾಟಿ ಒರೆಸಿ ಮಡಿಲಲ್ಲಿಟ್ಟುಕೊಂಡಳು. ಆ ಖಾಲಿ ಪಾಟಿಯನ್ನು ನೋಡಿದ ಮೇಲೆಯೇ ಮಾಮಾ ಡಯೋಡು ತರಿಸಿದ್ದು. ನಸುಕಿನಲ್ಲಿ ತೆನೆಗಳ ಮೇಲೆ ಹಸಿರು ಬೆಳಕು ಹರಿಸಿದರೆ ಹಕ್ಕಿಗಳು ಅದನ್ನು ಕೋಲು ಎಂದುಕೊಂಡು ಹಾರುತ್ತವೆ ಎಂದು ಎಲ್ಲೋ ನೋಡಿದ್ದರಂತೆ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಒಂದೇ ತಪ್ಪಿಗೆ ನಾನೂ ಇದರಲ್ಲಿ ಸಿಕ್ಕಿಕೊಂಡೆ. ಹೊತ್ತು ನೋಡುವುದು, ವಹಿಯಲ್ಲಿ ಬರೆಯುವುದು ನನ್ನ ಕೆಲಸ. ಮಾತು ಕಡಿಮೆ ಇರುವವರ ಕೈಗೆ ಜನ ಗಡಿಯಾರ ಕೊಡುತ್ತಾರೆ.

ಪ್ರಯೋಗಶಾಲೆ ಎಂದರೆ ಮನೆಯ ಹಿಂದಿನ ಮಗ್ಗದ ಶೆಡ್ಡು. ಮಧ್ಯಾಹ್ನ ಮಗ್ಗಗಳು ನಿಂತ ಮೇಲೆ ಕಿಟಕಿ ಮುಚ್ಚಿ, ಗೋಡೆಯ ಕಡೆಗಷ್ಟೇ ಲೇಸರು ತಿರುಗಿಸಿ, ಇಬ್ಬರೂ ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಳ್ಳುತ್ತಿದ್ದೆವು. ಕಣ್ಣು ಉಳಿಸುವ ಕನ್ನಡಕ ಅದು. ಹಾಕಿಕೊಂಡರೆ ಹಸಿರು ಕಾಣುವುದೇ ಇಲ್ಲ! ಇಷ್ಟು ಕಷ್ಟಪಟ್ಟು ಮಾಡಿದ ಬೆಳಕನ್ನು ಮೊಬೈಲಿನ ಪರದೆಯಲ್ಲಿ ನೋಡಬೇಕು. ನೋಡಿದರೆ, ಗಾಳಿಯಲ್ಲಿ ತೇಲುವ ಹತ್ತಿಯ ನಾರುಗಳು ಒಂದೊಂದೇ ಬಂದು ಆ ಹಸಿರು ಗೆರೆಯೊಳಗೆ ಹೊತ್ತಿಕೊಂಡಂತಾಗಿ, ಅವಸರವಿಲ್ಲದೆ ದಾಟಿ, ಕತ್ತಲಿಗೆ ಹೋಗುತ್ತಿದ್ದವು. ಹೊತ್ತು ಬರೆಯುವುದನ್ನು ನಾನು ಎಷ್ಟೋ ಸಲ ಮರೆತಿದ್ದೇನೆ. ಮಾಮಾನಿಗೆ ಇದನ್ನು ಹೇಳಿಲ್ಲ.

ಡಯೋಡಿಗೂ ಅದರ ತಾಮ್ರದ ಪೀಠಕ್ಕೂ ನಡುವೆ ಬಿಸಿ ದಾಟಿಸುವ ಒಂದು ಲೇಪ ಬೇಕು. ಲೇಪ ಇನ್ನೂ ಅಂಚೆಯಲ್ಲಿತ್ತು. ಮಾಮಾ ಕಾಯುವವರೇ? ಮಾಮಿಯ ತುಪ್ಪ ಸವರಿದರು. ಎರಡು ನಿಮಿಷದಲ್ಲಿ ಓಣಿಯ ತುಂಬ ಹೋಳಿಗೆಯ ಪರಿಮಳ. ಪಕ್ಕದ ಮನೆಯ ಹಿರಿಯ ಹೆಂಗಸು, ನಮ್ಮೆಲ್ಲರ ಕಾಕು, ಬಾಗಿಲಿಗೆ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನವ್ವಾ, ನೋಡಾಕ ಪಾವ್ಣ್ಯಾರು ಬಂದಾರೇನು?" ಎಂದು ಕೇಳಿದರು. ಕಿತ್ತಳೆ ಕನ್ನಡಕ ಹಾಕಿಕೊಂಡು ಗಂಡಿನ ಮುಂದೆ ಕೂರುವ ಹುಡುಗಿ ನಾನೇ ಮೊದಲನೆಯವಳಾಗಿರಬೇಕು!

ಜೂನಿನಲ್ಲಿ ಕುಲ್ಫಿಯವನಿಂದ ಮಂಜುಗಡ್ಡೆ, ಉಪ್ಪು ತಂದು ಅದರೊಳಗೆ ತಾಮ್ರದ ಪೀಠ ಹೂತರು. ಏನು ಬೆಳಕು ಅಂತೀರಿ! ಒಂದು ನಿಮಿಷ, ಎರಡು, ನಾಲ್ಕು. ಮಾಮಾ ಕುಣಿಯುವುದೊಂದು ಬಾಕಿ. ಆದರೆ ಹಿಂದಿನ ದಿನವಷ್ಟೇ ಮಳೆ ಬಿದ್ದಿತ್ತು. ತಣ್ಣಗಾದ ಡಯೋಡಿನ ಮೇಲೆ, ತಣ್ಣೀರಿನ ಲೋಟದ ಮೇಲೆ ಕೂರುವಂತೆ, ಹನಿ ಕೂತವು. ಟಿಕ್ ಎಂದಿತು, ಡಯೋಡು ಸತ್ತಿತು. ಬಿಸಿಗೆ ಹೆದರಿ ಕಾಪಾಡಿದ್ದನ್ನು ನೀರಲ್ಲಿ ಮುಳುಗಿಸಿದ್ದೆವು. ಉಳಿದದ್ದು ಇನ್ನೊಂದೇ ಡಯೋಡು.

ಮಾಮಾ ಎರಡು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಮಾಮಿ ಹೇಳಿದರು, "ನೀರಿನ ಕ್ಯಾನಿಗಿ ನಾ ಹಸಿ ಅರಿಬಿ ಸುತ್ತಿ ಇಡಂಗಿಲ್ಲೇನ್ರಿ? ಮನ್ಯಾಗ ಸಾವಿರ ಟಾವೆಲ್ ಬಿದ್ದಾವ. ಒಂದು ನಿಮ್ಮ ಕೂಸಿಗಿ ಸುತ್ರಿ."

ಮಾಮಾ ಎಂಜಲುಗೈಯಲ್ಲೇ ಎದ್ದರು. ಒದ್ದೆ ಟಾವೆಲ್ಲಿನ ಸಾವಿರಾರು ಕುಣಿಕೆಗಳಿಂದ ನೀರು ಆರುತ್ತಾ ಬಿಸಿಯನ್ನು ಎಳೆದೊಯ್ಯುತ್ತದೆ; ಎಷ್ಟು ತಂಪಾದರೂ ಹನಿ ಕೂರುವಷ್ಟು ತಂಪಾಗುವುದಿಲ್ಲ. ಡಯೋಡನ್ನು ಪೀಠದ ಸಮೇತ ಒಂದು ತಾಮ್ರದ ಕೊಳವೆಯೊಳಗಿಟ್ಟು, ನೀರು ಒಳಗೆ ಹೋಗದಂತೆ ಬಾಯಿಗೆ ರಬ್ಬರು ಬಿಗಿದು, ಮೇಲೆ ಒದ್ದೆ ಟಾವೆಲ್ ಸುತ್ತಿದೆವು. ನನ್ನ ವಹಿಯಲ್ಲಿ ಮೊದಲ ಬಾರಿಗೆ ಹತ್ತು ನಿಮಿಷ ದಾಟಿತು.

ಜನವರಿಯಲ್ಲಿ ಅದನ್ನು ಒಣ ಟಾವೆಲ್ಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು ಮಾಮಾ ಅಕ್ಕಲಕೋಟೆಯ ಬಸ್ಸು ಹತ್ತಿದರು. ಒಬ್ಬ ಅಜ್ಜಿ ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟಳು.

"ಕೂಡ್ರಿ ಅಣ್ಣಾ. ಎಷ್ಟ ತಿಂಗಳಿಂದು?"

"ಎಂಟು ತಿಂಗಳಾತ್ರಿ," ಎಂದರು ಮಾಮಾ ಸತ್ಯಸಂಧರಾಗಿ.

"ಮುಖಾ ತೋರಸ್ರಿ ನೋಡೂಣು."

ಮಾಮಾ ಟಾವೆಲ್ ಸರಿಸಿದರು. ಅಜ್ಜಿ ಆ ತಾಮ್ರದ ಕೊಳವೆಯನ್ನು ನೋಡಿದಳು, ಮಾಮಾನ ಮುಖವನ್ನು ನೋಡಿದಳು. "ಥೇಟ್ ಅಪ್ಪನಂಗ ಅದ," ಎಂದು ಕಿಟಕಿಯ ಕಡೆ ತಿರುಗಿದಳು. ನಾನು ಹಿಂದಿನ ಸೀಟಿನಲ್ಲಿ ಕೂತು ಅವರು ಯಾರೋ, ನಾನು ಯಾರೋ ಎಂಬಂತೆ ಪ್ರಯಾಣ ಮಾಡಿದೆ.

ಮೊದಲ ಮೂರು ಬೆಳಗು ಒಣ ಗಾಳಿ, ಸುತ್ತಿದ ಒದ್ದೆ ಟಾವೆಲ್ ಚೆನ್ನಾಗಿ ಆರುತ್ತಿತ್ತು. ಸೂರ್ಯ ಹುಟ್ಟುವ ಮುನ್ನ ಅಟ್ಟಣೆಯ ಮೇಲೆ ಮಾಮಾ ಕನ್ನಡಕ ಹಾಕಿ ನಿಲ್ಲುತ್ತಿದ್ದರು. ನಾನೂ ದೊಡ್ಡವ್ವನೂ ಅವರ ಬೆನ್ನ ಹಿಂದೆ. ಹಸಿರು ಗೆರೆ ತೆನೆಗಳ ತುದಿಯನ್ನು ಸವರುತ್ತ, ಹೊಲದ ಬದು ದಾಟದಂತೆ, ಮೆತ್ತಗೆ ಹೋಗಿ ಬರುತ್ತಿತ್ತು. ಗಿಳಿಗಳು ಸದ್ದಿಲ್ಲದೆ ಏಳುತ್ತಿದ್ದವು. ಹೊಲ ಇನ್ನೂ ನಿದ್ದೆಯಲ್ಲಿದ್ದು, ತನ್ನ ಕನಸಿನಿಂದ ಅವುಗಳನ್ನು ಹೊರಗೆ ಬಿಟ್ಟಂತೆ. ದೊಡ್ಡವ್ವ ಪಾಟಿಯ ಮೇಲೆ ಬರೆದಳು: "ಹುಚ್ಚ ಖುಳಾ ಇದ್ರೂ ಶಾಣ್ಯಾ ಅದಾನ." ಮಾಮಾ ಅದನ್ನು ಅಳಿಸಲು ಬಿಡಲಿಲ್ಲ, ಆ ದಿನ ದೊಡ್ಡವ್ವ ಸನ್ನೆಯಲ್ಲೇ ಚಹಾ ಕೇಳಬೇಕಾಯಿತು.

ನಾಲ್ಕನೆಯ ದಿನ ಮಂಜು ಇಳಿದಿತ್ತು. ಬೆಳಕು ಗೆರೆಯಾಗಿ ಉಳಿಯದೆ, ಹಸಿರು ಗೋಡೆಯಾಗಿ ಹೊಲದ ಮೇಲೆ ನಿಂತಿತು. ಅಷ್ಟು ಚೆಂದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನೋಡುತ್ತಿದ್ದಂತೆಯೇ ಅದು ಮಂಕಾಯಿತು. ಮಾಮಾ ಟಾವೆಲ್ ಮುಟ್ಟಿದರು: ಹೊರಗೆ ಒದ್ದೆ, ಒಳಗೆ ಸುಡು ಸುಡು. ಮಂಜಿನಲ್ಲಿ ಬಟ್ಟೆ ಆರುವುದಿಲ್ಲ. ಆರದ ಬಟ್ಟೆ ತಂಪು ಮಾಡುವುದಿಲ್ಲ. ಸುತ್ತಲೂ ಬೇಕಾದಷ್ಟು ಚಳಿ ಇರುವಾಗ ನಾವು ಡಯೋಡಿಗೆ ಕೌದಿ ಹೊದಿಸಿ ಕೂರಿಸಿದ್ದೆವು! ಬಿಚ್ಚಿ ಬರಿಮೈಯಲ್ಲಿ ಬಿಟ್ಟಿದ್ದರೆ ಬದುಕುತ್ತಿತ್ತು. ಇದು ಎಂ.ಎಸ್ಸಿ.ಯವಳಿಗೂ ಹೊಳೆಯಲಿಲ್ಲ. ಬೆಳಕು ಆರಿತು.

ಮಂಜು ತೆಳುವಾದಂತೆ ಗಿಳಿಗಳು ಬಂದವು. ಮೊದಲು ಹತ್ತು, ಆಮೇಲೆ ಎಣಿಸಲಾಗದಷ್ಟು. ತೆನೆಗಳು ಬಾಗುವುದು ನಮಗೆ ಕಾಣುತ್ತಿತ್ತು. ದೊಡ್ಡವ್ವ ಎದ್ದು ನಿಂತಳು. ಅಟ್ಟಣೆಯ ಕಂಬ ಹಿಡಿದಳು, ಎದೆ ತುಂಬ ಉಸಿರೆಳೆದುಕೊಂಡಳು. "ದೊಡ್ಡವ್ವಾ, ಬ್ಯಾಡ!" ಎಂದೆ ನಾನು. ಅವಳು ನನ್ನ ಕೈ ಕೊಡವಿದಳು. ಬಾಯಿ ತೆರೆದಳು.

ಅಷ್ಟರಲ್ಲಿ ಅವಳ ಪಕ್ಕದಿಂದ ಕೂಗು ಎದ್ದಿತು.

"ಹೋಗ್ರೀ! ಏ, ಹೋಗ್ರೀ! ನಡೀರಿ, ನಡೀರಿ! ಹೋಗ್ರೆಪ್ಪೋ!"

ಮಾಮಾ! ಜೀವಮಾನವಿಡೀ ಗಿರಾಕಿಗಳೊಡನೆ ಮಾತಾಡಿದ ನಾಲಿಗೆ. ಗಿಳಿಗಳಿಗೂ ಬಹುವಚನವೇ ಹೊರಟಿತು. ಆದರೆ ದನಿ? ಅದು ಮಂಜನ್ನು ಸೀಳಿ ಬದುವಿನಾಚೆಗೆ ಹೋಯಿತು. ಗಿಳಿಗಳು ಒಂದೇ ಸಲಕ್ಕೆ ಎದ್ದವು. ಮಾಮಾ ಕೆಮ್ಮಿದರು, ಮತ್ತೆ ಕೂಗಿದರು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ ಮತ್ತೆ ಕೂಗಿದರು. ಕೈಯಲ್ಲಿದ್ದ ಲೇಸರು ಯಾವಾಗ ಕೆಳಗೆ ಬಿತ್ತೋ, ಅವರು ನೋಡಲಿಲ್ಲ.

"ಎಷ್ಟ ದಿನಾ ಒದರತೀರಿ ಮಾಮಾ?" ಎಂದೆ.

"ತೆನಿ ಮುರಿಯೂ ತನಕಾ," ಎಂದರು. ದನಿ ಆಗಲೇ ಒಡೆದಿತ್ತು. "ಮಾಮಿಗಿ ಫೋನ್ ಹಚ್ಚಿ ಹೇಳು. ಅಂಗಡಿ ತಾನ ನೋಡ್ಕೊಳ್ಳಾಕ."

ದೊಡ್ಡವ್ವ ತೆರೆದ ಬಾಯಿಯನ್ನು ಆಗ ಮುಚ್ಚಿದಳು. ತನ್ನ ಕೊರಳಿನ ಉಣ್ಣೆಯ ಮಫ್ಲರು ಬಿಚ್ಚಿ, ತಮ್ಮನ ತಲೆಯನ್ನು ಎಳೆದು ಬಗ್ಗಿಸಿ, ಅವರ ಕೊರಳಿಗೆ ಎರಡು ಸುತ್ತು ಸುತ್ತಿದಳು. ಗಂಟು ಬಿಗಿದು, ಅದರ ಮೇಲೆ ಒಮ್ಮೆ ಕೈಯಿಟ್ಟು ನೋಡಿದಳು. ಆಮೇಲೆ ಹೊಲದ ಮೂಡಣ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ಇನ್ನೂ ಎರಡು ಗಿಳಿ ಕೂತಿದ್ದವು.