ಲಚ್ಚಿಯನ್ನು ಬೇಡ ಎನ್ನಲು ಹೋದದ್ದು

ನಾನು ಸಿಟ್ಟಿನ ಹೆಂಗಸು. ಹೀಗೆ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಗಣಿತ ಕಲಿಸುವವರಿಗೆ ಸಿಟ್ಟು ಬರುವುದಿಲ್ಲವೆಂದರೆ ಅವರು ಮಕ್ಕಳ ಉತ್ತರಪತ್ರಿಕೆಗಳನ್ನು ಓದುತ್ತಿಲ್ಲ ಎಂದೇ ಅರ್ಥ. ಕೆಲವರ ಸಿಟ್ಟು ಹಾಲು ಉಕ್ಕಿದ ಹಾಗೆ, ಒಲೆ ಆರಿಸಿದರೆ ಇಳಿಯುತ್ತದೆ. ನನ್ನದು ನಮ್ಮ ಕಡೆಯ ಬಂಡೆಗಳ ಹಾಗೆ, ಒಮ್ಮೆ ಕಾದರೆ ಹೊತ್ತು ಮುಳುಗಿದರೂ ಆರುವುದಿಲ್ಲ. ನನ್ನ ಮದುವೆಗೆ ಮೊದಲು ಕಂಪ್ಲಿಯಲ್ಲಿ ನಮ್ಮ ಅವ್ವ ನೆರೆಯವರ ಮುಂದೆಲ್ಲ, "ಇಕಿನ್ನ ಕಟಿಗೊಳ್ಳಾಂವ ಕಿವುಡ ಇರಬೇಕು, ಇಲ್ಲ ಶಾಣ್ಯಾ ಇರಬೇಕು" ಎನ್ನುತ್ತಿದ್ದಳು. ನನಗೆ ಸಿಕ್ಕವರು ಎರಡೂ ಹೌದು. ಬೇಕಾದಾಗ ಮಾತ್ರ ಕಿವುಡಾಗುವಷ್ಟು ಶಾಣ್ಯಾ. ಕುರೆಕುಪ್ಪದ ಹತ್ತಿರ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಅಲ್ಲಿಯ ಯಂತ್ರಗಳ ಸದ್ದಿಗೆ ಕಿವಿ ಮಂದವಾಗಿದೆ ಎಂದು ಹೇಳಿಕೊಳ್ಳುತ್ತಾರೆ. ಆದರೆ ಅಡುಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಬಿದ್ದರೆ ಪಡಸಾಲೆಯಿಂದಲೇ ಕೇಳಿಸುತ್ತದೆ.

ಈ ಸಲದ ಸಿಟ್ಟಿಗೆ ಕಾರಣ ಎರಡನೆಯ ನಾಯಿ. ಎರಡನೆಯದರ ಕಥೆ ಹೇಳಬೇಕಾದರೆ ಮೊದಲನೆಯದರ ಕಥೆ ಹೇಳಬೇಕು. ಆರು ವರ್ಷದ ಹಿಂದೆ ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಒಂದು ಮರಿ ಕುಂಯ್‌ಗುಡುತ್ತಿತ್ತು. ನಮ್ಮ ಮಗಳು ಪಲ್ಲವಿ ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ತಂದು ಗುಂಡ ಎಂದು ಹೆಸರಿಟ್ಟಳು. ಅಪ್ಪ ಮಗಳು ಇಬ್ಬರೂ ದೇವರ ಮುಂದೆ ನಿಂತು ಮಾತು ಕೊಟ್ಟರು. ಸ್ನಾನ ಮಾಡಿಸುವುದು ಮಗಳ ಕೆಲಸ, ಬೆಳಗ್ಗೆ ಅಡ್ಡಾಡಿಸುವುದು ಅಪ್ಪನ ಕೆಲಸ, ಅಮ್ಮ ಏನೂ ಮಾಡಬೇಕಾಗಿಲ್ಲ. ದೇವರು ಕೇಳಿಸಿಕೊಂಡನೋ ಇಲ್ಲವೋ, ನಾನು ಕೇಳಿಸಿಕೊಂಡಿದ್ದೇನೆ. ಇವತ್ತು ಗುಂಡನಿಗೆ ಸ್ನಾನ ಮಾಡಿಸುವವಳು ನಾನು, ಅಡ್ಡಾಡಿಸುವವಳು ನಾನು, ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಇಡುವವಳೂ ನಾನು. ಅವನು ಮಾತ್ರ ಊಟ ಮುಗಿದ ಕೂಡಲೇ ಹೋಗಿ ನಮ್ಮವರ ಕಾಲ ಬಳಿ ಮಲಗುತ್ತಾನೆ. ನಾನು ದನಿ ಏರಿಸಿದರೆ ಸಾಕು, ಬಾಲ ಮುದುರಿಕೊಂಡು ಒಗೆಯುವ ಕಲ್ಲಿನ ಹಿಂದೆ ಸೇರಿಬಿಡುತ್ತಾನೆ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಒಂದು ದಿನ ಊಟದ ಹೊತ್ತಿಗೆ ನಮ್ಮವರು ಪಲ್ಯದ ಬಟ್ಟಲನ್ನು ನೋಡುತ್ತಾ, "ದೋಣಿಮಲೈ ಚನ್ನಬಸಪ್ಪಣ್ಣ ಫೋನ್ ಮಾಡಿದ್ದ. ರಿಟೈರ್ ಆದ್ನಂತ. ಕ್ವಾರ್ಟರ್ಸ್ ಬಿಡಬೇಕಂತ" ಎಂದರು. ಚನ್ನಬಸಪ್ಪನವರು ಅವರ ದೂರದ ಸಂಬಂಧಿ, ಅಲ್ಲಿಯ ಗಣಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ರಿಟೈರ್ ಆದವರು ಕ್ವಾರ್ಟರ್ಸ್ ಬಿಡುವುದರಲ್ಲಿ ನನಗೇನು ಎಂದುಕೊಂಡೆ. "ಅವ್ರದೊಂದು ನಾಯಿ ಐತಿ, ಲಚ್ಚಿ ಅಂತ. ಬಳ್ಳಾರ್ಯಾಗ ಬಾಡಿಗಿ ಮನಿ ಮೂರನೇ ಅಂತಸ್ತಂತ. ನಾಯಿ ಇಟಗೊಳ್ಳಂಗಿಲ್ಲಂತ" ಎಂದರು. ಪಲ್ಲವಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದು ನೋಡಿದಾಗ ಗೊತ್ತಾಯಿತು, ಇದು ಈಗ ಶುರುವಾದ ಮಾತಲ್ಲ.

"ನೀವ್ ಏನಂದ್ರಿ?" ಎಂದು ಕೇಳಿದೆ.

"ನಾ ಏನಂತೀನಿ. ಪಾಪ ಅನ್ನಿಸ್ತು. ಹ್ಞೂಂ ಅಂದೆ."

ಆಮೇಲೆ ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸಾರಾಂಶ ಇಷ್ಟೇ. ಈ ಮನೆಯಲ್ಲಿ ಸಾಕುವವಳು ಒಬ್ಬಳು, ಪಾಪ ಅನ್ನುವವರು ಇಬ್ಬರು. ಸಾಕುವವಳನ್ನು ಒಂದು ಮಾತೂ ಕೇಳದೆ ಹ್ಞೂಂ ಅನ್ನುವ ಅಧಿಕಾರ ಇವರಿಗೆ ಕೊಟ್ಟವರು ಯಾರು? ಫೋನ್ ಮಾಡಿ ಬೇಡ ಎಂದು ಹೇಳಿ ಎಂದರೆ, ಕೊಟ್ಟ ಮಾತು ಹೆಂಗ ತಪ್ಪಲಿ ಎಂದರು. ದೇವರ ಮುಂದೆ ಕೊಟ್ಟ ಮಾತು ಆರು ವರ್ಷದಿಂದ ತಪ್ಪುತ್ತಿರುವವರು ಹೇಳುವ ಮಾತೇ ಇದು? "ನಿಮ್ಮ ಬಾಯಾಗ ಇಲ್ಲ ಅನ್ನೋ ಮಾತು ಹುಟ್ಟಂಗಿಲ್ಲ. ನಾನ ಹೋಗಿ ಅವರ ಮುಖಾಮುಖಿ ಹೇಳಿ ಬರ್ತೀನಿ" ಎಂದು ಆ ಭಾನುವಾರ ಬೆಳಗ್ಗೆ ಸಂಡೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲು ಕ್ಷೇಮಸಮಾಚಾರ, ಆಮೇಲೆ ನಮ್ಮ ಮನೆಯ ಇಕ್ಕಟ್ಟು, ಆಮೇಲೆ ಗುಂಡನ ಸ್ವಭಾವ, ಕೊನೆಗೆ "ತಪ್ಪು ತಿಳ್ಕೋಬ್ಯಾಡ್ರಿ". ಪ್ರಮೇಯ ಸಾಧಿಸಿದ ಹಾಗೆ ಒಂದರ ಹಿಂದೆ ಒಂದು.

ಸಂಡೂರಿನಲ್ಲಿ ಬಸ್ಸು ಬದಲಿಸಿ, ದೋಣಿಮಲೈಯಲ್ಲಿ ಇಳಿದು ಕ್ವಾರ್ಟರ್ಸ್ ಹುಡುಕಿಕೊಂಡು ಹೋದರೆ ಮನೆಯ ಮುಂದೆ ಲಾರಿ ನಿಂತಿತ್ತು. ಮಂಚ, ಗ್ರೈಂಡರ್, ಹಿತ್ತಾಳೆಯ ಹಂಡೆ ಎಲ್ಲ ಆಗಲೇ ಲಾರಿ ಏರಿದ್ದವು. ಕೊನೆಗೆ ಚನ್ನಬಸಪ್ಪನವರು ತುಳಸಿ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಲಾರಿಯ ಮೂಲೆಯಲ್ಲಿ ಮೆತ್ತಗೆ ಇಟ್ಟು, ಅಲುಗಾಡದ ಹಾಗೆ ಗೋಣಿಚೀಲ ಒತ್ತುತ್ತಿದ್ದರು. ಮೆಟ್ಟಿಲ ಮೇಲೆ ಒಂದು ನಾಯಿ ಕೂತಿತ್ತು. ಅದರ ನಿಜವಾದ ಬಣ್ಣ ಯಾವುದೋ, ಅದಿರಿನ ಧೂಳಿನಲ್ಲಿ ಕೆಂಪಗೆ ಕಾಣುತ್ತಿತ್ತು. ಒಂದೊಂದು ಸಾಮಾನು ಲಾರಿ ಏರಿದಾಗಲೂ ಅದು ಎದ್ದು ನಿಲ್ಲುತ್ತಿತ್ತು, ಮತ್ತೆ ಕೂರುತ್ತಿತ್ತು. ತನ್ನ ಸರದಿ ಯಾವಾಗ ಎಂದು ಕಾಯುತ್ತಿರುವುದು ಯಾರಿಗಾದರೂ ಗೊತ್ತಾಗುತ್ತಿತ್ತು.

"ಬರ್ರಿ ಗಿರಿಜಮ್ಮ, ಕುಂದರ್ಸಾಕ ಕುರ್ಚಿನೂ ಇಲ್ಲ ನೋಡ್ರಿ" ಎಂದರು ಚನ್ನಬಸಪ್ಪನವರು. ನಾನು ಕ್ಷೇಮಸಮಾಚಾರದಿಂದಲೇ ಶುರುಮಾಡಿದೆ. ನಮ್ಮ ಮನೆಯ ಇಕ್ಕಟ್ಟಿಗೆ ಬರುವಷ್ಟರಲ್ಲಿ ಅವರಿಗೇ ಅರ್ಥವಾಗಿ, "ನಿಮಗ ತ್ರಾಸ ಆಗೋದಿದ್ರ ಬ್ಯಾಡ್ರಿ. ಸ್ಟಾಫ್ ಬಸ್ ನಿಲ್ತಾವಲ್ಲ, ಅಲ್ಲಿ ಬಿಟ್ರಾತು. ನಾಕು ಮಂದಿ ಬಿಸ್ಕೀಟ್ ಹಾಕ್ತಾರ" ಎಂದರು.

ನನ್ನ ಪ್ರಮೇಯ ಅಲ್ಲಿಗೇ ನಿಂತುಹೋಯಿತು. ಬೇಡ ಎಂದು ಹೇಳಲು ಬಂದವಳ ಕೆಲಸವನ್ನು ಅವರೇ ಮುಗಿಸಿದ್ದರು. ನಾನು ಸುಮ್ಮನೆ ಬಸ್ಸು ಹತ್ತಬಹುದಿತ್ತು. ಆದರೆ ಕಾಲಿನಿಂದ ಸಿಟ್ಟು ಹತ್ತತೊಡಗಿತು. "ಎಷ್ಟು ವರ್ಷಾತ್ರಿ ಇದನ್ನ ಸಾಕಿ?" ಎಂದೆ. "ಏಳಾತ್ರಿ" ಎಂದರು. "ಏಳು ವರ್ಷ ನಿಮ್ಮ ಬಾಗ್ಲಾ ಕಾದೈತಿ. ತುಳಸಿ ಕುಂಡಕ್ಕ ಲಾರ್ಯಾಗ ಜಾಗ ಐತಿ, ಇದಕ್ಕ ಇಲ್ಲೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ತುಳಸಿ ಬೊಗಳಂಗಿಲ್ಲಲ್ರಿ" ಎಂದರು. ಆ ಮನುಷ್ಯ ತಮಾಷೆಗೆ ಹೇಳಿರಲಿಲ್ಲ. ಒಳಗೆ ಅವರ ಹೆಂಡತಿ ಶಾರದಮ್ಮ ಖಾಲಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಂದೇ ಪಾತ್ರೆಯನ್ನು ತಿಕ್ಕುತ್ತಲೇ ಇದ್ದರು. ಹೊರಗೆ ಬರಲಿಲ್ಲ. ನಾನು ಬಂದವಳು ನೆಂಟಳೆಂಬುದನ್ನೂ ಮರೆತು ಅವರಿಬ್ಬರಿಗೂ ಬಾಯಿಗೆ ಬಂದಂತೆ ಅಂದೆ. ನನ್ನ ಸ್ಕೂಲಿನ ಮಕ್ಕಳೂ ಅಷ್ಟು ಬೈಸಿಕೊಂಡಿಲ್ಲ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಕೊನೆಗೆ "ನಿಮ್ಮಂಥೋರ ಕೈಯಾಗ ಇರೋದಕಿಂತ" ಎಂದು ಮಾತು ಅರ್ಧಕ್ಕೆ ಬಿಟ್ಟು, ಮೆಟ್ಟಿಲ ಮೇಲಿದ್ದ ಹಗ್ಗ ಎತ್ತಿಕೊಂಡೆ. ಲಚ್ಚಿ ಅವರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಎದ್ದು ಬಂದಳು. ಬಸ್ ಕಂಡಕ್ಟರು "ನಾಯಿ ಹತ್ತಸಂಗಿಲ್ರಿ ಮೇಡಂ" ಎಂದ. ಅವನಿಗೂ ಸ್ವಲ್ಪ ಬೈದೆ. ಬಹಳ ಹೊತ್ತು ರಸ್ತೆಯ ಪಕ್ಕ ನಿಂತ ಮೇಲೆ ಹೊಸಪೇಟೆಯ ಮಾರುಕಟ್ಟೆಗೆ ಟೊಮೇಟೊ ಒಯ್ಯುತ್ತಿದ್ದ ಗಾಡಿಯವನೊಬ್ಬ ಕನಿಕರಪಟ್ಟು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ಸಂಡೂರಿನ ಘಟ್ಟ ಇಳಿಯುವಾಗ ಲಚ್ಚಿ ಧೂಳು ತುಂಬಿದ ತಲೆಯನ್ನು ನನ್ನ ಇಸ್ತ್ರಿ ಸೀರೆಯ ಮೇಲೆ ಇಟ್ಟು ಕಣ್ಣು ಮುಚ್ಚಿದಳು.

ಮನೆಯಲ್ಲಿ ಅಪ್ಪ ಮಗಳು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಇಬ್ಬರೂ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು. "ಕರಕೊಂಡು ಬಂದ್ಬಿಟ್ಟೇನು? ಒಂದ್ ಮಾತು ಕೇಳ್ಬೇಕಿತ್ತಲ್ಲ" ಎಂದರು ನಮ್ಮವರು.

"ಹ್ಞೂಂ ಅಂದೋರು ನೀವಲ್ಲೇನ್ರಿ?"

"ನಾ ಹ್ಞೂಂ ಅಂದಿದ್ದು, ನೀ ಹೆಂಗಿದ್ರೂ ಬ್ಯಾಡ ಅಂತಿ ಅಂತ."

ಇಪ್ಪತ್ತು ವರ್ಷದ ದಾಂಪತ್ಯದ ಒಳಗುಟ್ಟು ಆ ಒಂದು ಮಾತಿನಲ್ಲಿ ಹೊರಬಿತ್ತು. ಊರಿಗೆಲ್ಲ ಒಳ್ಳೆಯವರಾಗಲು ಅವರು, ಬೇಡ ಎಂದು ಕೆಟ್ಟವಳಾಗಲು ನಾನು. ಸಾಲ ಕೇಳುವ ಗೆಳೆಯನಿಂದ ಹಿಡಿದು ಹದಿನೈದು ದಿನ ಉಳಿಯಲು ಬರುವ ನೆಂಟರವರೆಗೆ ಇದೇ ನಡೆದುಬಂದಿದೆ. ನನಗೆ ಮಾತ್ರ ಈಗ ತಿಳಿಯಿತು. ಆ ಸಿಟ್ಟಿನಲ್ಲೇ ಲಚ್ಚಿಗೆ ಹಿತ್ತಲಲ್ಲಿ ನೀರು ಹೊಯ್ದೆ. ನಾಲ್ಕು ಬಕೆಟ್ ಕೆಂಪು ನೀರು ಹರಿದ ಮೇಲೆ ಬೆಳ್ಳಗಿನ ನಾಯಿಯೊಂದು ಹೊರಬಂತು.

ಮೂರು ದಿನ ಗುಂಡ ಒಗೆಯುವ ಕಲ್ಲು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಲಚ್ಚಿಯೇ ಹೋಗಿ ಅವನ ಪಕ್ಕ ಮಲಗಿದಳು. ಅಲ್ಲಿಂದ ಇಬ್ಬರೂ ಜೋಡಿಯಾದರು. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಸ್ಕೂಲಿನಿಂದ ಬಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ ಹೆಡ್‌ಮಾಸ್ತರರನ್ನೋ, ಒಂಬತ್ತನೆಯ ತರಗತಿಯನ್ನೋ, ನೀರು ಬಿಡದ ನಲ್ಲಿಯನ್ನೋ ಬೈಯತೊಡಗಿದರೆ ಗಂಡ ಅಂಗಳಕ್ಕೆ ಹೋಗುತ್ತಾರೆ, ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾಳೆ, ಗುಂಡ ಕಲ್ಲಿನ ಹಿಂದೆ. ಲಚ್ಚಿ ಮಾತ್ರ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ನನ್ನ ಮುಖ ನೋಡುತ್ತಾ, ಕಿವಿ ನೆಟ್ಟಗೆ ಮಾಡಿ, ಮುಗಿಯುವವರೆಗೂ ಕೇಳುತ್ತಿದ್ದಳು. ನನ್ನ ಸಿಟ್ಟನ್ನು ಕೊನೆಯವರೆಗೂ ಕೇಳಿದವರು ಈ ಜನ್ಮದಲ್ಲಿ ಅವಳೊಬ್ಬಳೇ. ವಿಚಿತ್ರವೆಂದರೆ, ಪೂರ್ತಿ ಕೇಳುವವರಿದ್ದರೆ ಸಿಟ್ಟು ಅಷ್ಟು ಉದ್ದ ಇರುವುದಿಲ್ಲ.

ಎರಡು ತಿಂಗಳಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಗೇಟಿನ ಸದ್ದಾಯಿತು. ಚನ್ನಬಸಪ್ಪನವರು, ಹಿಂದೆ ಶಾರದಮ್ಮ. ಲಚ್ಚಿಯ ಗಂಟಲಿನಿಂದ ನಮ್ಮ ಮನೆಯಲ್ಲಿ ಒಮ್ಮೆಯೂ ಕೇಳದ ದನಿಯೊಂದು ಹೊರಟಿತು. ಶಾರದಮ್ಮ ಅಂಗಳದ ಮಣ್ಣಿನಲ್ಲೇ ಕುಸಿದು ಕೂತು ಅವಳನ್ನು ತಬ್ಬಿಕೊಂಡರು. ಚನ್ನಬಸಪ್ಪನವರು ನಿಂತೇ, "ನೀವಂದಿದ್ದು ಖರೇ ಇತ್ರಿ. ಆವತ್ತಿಂದ ನಮ್ಮ ಮನಿಯಾಕಿ ಸರಿಯಾಗಿ ಉಂಡಿಲ್ಲ. ಕೆಳಗಿನ ಮನಿ ಹುಡುಕಿವ್ರಿ. ಅಂಗಳ ಐತಿ. ನೀವು ಹ್ಞೂಂ ಅಂದ್ರ ಒಯ್ತೀವಿ, ಇಲ್ಲಾಂದ್ರ ನೋಡ್ಕೊಂಡು ಹೋಗ್ತೀವಿ" ಎಂದರು.

ನನ್ನ ಬಾಯಿತುದಿಯಲ್ಲಿ ಎಷ್ಟು ಮಾತುಗಳಿದ್ದವು. ಲಾರಿ ಹೊರಟಾಗ ಎಲ್ಲಿ ಹೋಗಿತ್ತು ಈ ಅಂಗಳ? ಬಸ್ ನಿಲ್ದಾಣದ ಬಿಸ್ಕೀಟು ಎಲ್ಲಿ ಹೋಯಿತು? ಬೇಡ ಎನ್ನುವುದಕ್ಕೆ ಈ ಮನೆಯಲ್ಲಿ ಹೆಸರಾದವಳು ನಾನು, ಆವತ್ತು ಬೇಕಾದಾಗ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಲಚ್ಚಿ ಶಾರದಮ್ಮನ ಮಡಿಲಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. "ಒಯ್ರಿ" ಎಂದೆ. ಆಮೇಲೆ ಅವಳ ತಟ್ಟೆ, ಹಗ್ಗ ತಂದುಕೊಟ್ಟು, "ರೊಟ್ಟಿ ಮಜ್ಜಿಗ್ಯಾಗ ನೆನಸಿ ಹಾಕ್ರಿ, ಒಣಾದು ತಿನ್ನಂಗಿಲ್ಲ. ಗುಡುಗಿಗೆ ಅಂಜ್ತಾಳ, ಒಳಗ ಕರಕೊಳ್ರಿ" ಎಂದು ಏಳು ವರ್ಷ ಸಾಕಿದವರಿಗೆ ಪಾಠ ಹೇಳಿದೆ. ಚನ್ನಬಸಪ್ಪನವರು ಒಂದೊಂದಕ್ಕೂ ಒಳ್ಳೆಯ ವಿದ್ಯಾರ್ಥಿಯ ಹಾಗೆ "ಹ್ಞೂಂ ರಿ" ಎಂದರು.

ಗುಂಡ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ನಾನು, ಕಂಪ್ಲಿಯಲ್ಲಿ ನಮ್ಮ ಅಣ್ಣನ ಅಕ್ಕಿ ಗಿರಣಿಯ ಹಿಂದೆ ನಾಯಿಯೊಂದು ಮರಿ ಹಾಕಿದೆಯೆಂದೂ ಗುಂಡನಿಗೆ ಜೋಡಿ ಬೇಕೆಂದೂ ಪ್ರಸ್ತಾಪಿಸಿದೆ. ನನಗೇನೂ ಬೇಕಿರಲಿಲ್ಲ, ಗುಂಡನ ಸಲುವಾಗಿ ಮಾತ್ರ.

"ಬ್ಯಾಡ" ಎಂದರು ನಮ್ಮವರು. ಅವರ ಬಾಯಲ್ಲಿ ಆ ಮಾತು ಹುಟ್ಟಿದ್ದು ಅದೇ ಮೊದಲು. "ಯಾರ್ ನೋಡ್ಕೊಳ್ಳೋರು?"

"ಒಂದ ಸಾಕಮ್ಮ, ನಂಗ ಪರೀಕ್ಷೆ ಐತಿ" ಎಂದಳು ಮಗಳು.

ಅಂದಿನಿಂದ ನಾನು ಇಬ್ಬರ ಜೊತೆಗೂ ಮಾತು ಬಿಟ್ಟಿದ್ದೇನೆ. ಅವರಾಗಿ ಬಂದು ಕೇಳುವವರೆಗೆ, ಮರಿ ತರೋಣ ಎನ್ನುವವರೆಗೆ, ಒಂದಕ್ಷರ ಆಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಇಂದಿಗೆ ನಾಲ್ಕು ದಿನ. ಪಾತ್ರೆಗಳನ್ನೂ ಕುಕ್ಕುತ್ತಿಲ್ಲ, ಕುಕ್ಕಿದರೆ ಸಿಟ್ಟು ಇಳಿದುಬಿಡುತ್ತದೆಂಬ ಭಯ. ಇವತ್ತು ಬೆಳಗ್ಗೆ ನಮ್ಮವರು ಅಂಗಳದಲ್ಲಿ ನಿಂತು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. "ಎಲ್ಲಾ ಆರಾಮ ಅದೀವಿ ಬಿಡವ್ವಾ" ಎನ್ನುತ್ತಿದ್ದರು. "ನಿಮ್ಮ ವೈನಿ ಈಗ ಭಾಳ ಶಾಂತ ಆಗ್ಯಾಳ."