ಕಾಲು ಮಡಚದ ಕ್ಯಾರವಾನ್

ಶಿವಾಜಿನಗರದಲ್ಲಿ ಜಾಕಿ ರಿಪೇರಿ ಅಂಗಡಿ ಇಟ್ಟ ಮೇಲೆ ನಗುವುದಕ್ಕೆಂದು ಬೇರೆ ಕಡೆ ಹೋಗುವ ಪ್ರಮೇಯವೇ ನನಗೆ ಬರಲಿಲ್ಲ. ಅದರಲ್ಲೂ ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಕ್ಯಾರವಾನ್ ಗಂಟುಬಿತ್ತಲ್ಲ, ಆಮೇಲೆ ಕೇಳುವುದೇ ಬೇಡ.

ಕ್ಯಾರವಾನ್ ಎಂದರೆ ಒಳಗೇ ಮಂಚ, ಅಡುಗೆಮನೆ, ಬಾತ್‌ರೂಮ್ ಇರುವ ಬಸ್ಸು. ಶೂಟಿಂಗ್‌ನವರು ಬಾಡಿಗೆಗೆ ಕರೆಸುತ್ತಿದ್ದರು. ಇಳಿಜಾರಿನಲ್ಲಿ ನಿಂತರೆ ಒಳಗಿದ್ದವರು ಮಂಚದಿಂದ ಉರುಳಬಾರದಲ್ಲ, ಅದಕ್ಕೆ ನಾಲ್ಕು ಮೂಲೆಗೂ ಹೈಡ್ರಾಲಿಕ್ ಜಾಕಿಯ ಕಾಲು. ಬಟನ್ ಒತ್ತಿದರೆ ಪಂಪು ಆಯಿಲ್ ತಳ್ಳಿ ಕಾಲು ಇಳಿಸುತ್ತದೆ, ಗಾಡಿ ಮೇಲೆದ್ದು ಸಮನಾಗುತ್ತದೆ. ಆಯಿಲ್ ವಾಪಸ್ ಬಿಟ್ಟರೆ ಕಾಲು ಮಡಚಿಕೊಳ್ಳುತ್ತದೆ.

ಮಾಲೀಕರು ಗದಗದ ಕಡೆಯವರು, ಮನೆ ಕೆ.ಆರ್. ಪುರದಲ್ಲಿ. ಕಾಲುಗಳ ಜವಾಬ್ದಾರಿ ನನಗೆ ಬಿಡಿ ಎಂದು ನಾನೇ ಎದೆ ತಟ್ಟಿಕೊಂಡು ಹೇಳಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎರಡು ತಪ್ಪು ಮಾಫಿ ಮಾಡ್ತೀನ್ರಿ. ಮೂರನೇದು ನನ್ನ ಕಣ್ಣಿಗೆ ಬಿದ್ರ ಗಾಡಿ ರಿಪೇರಿಗೆ ಚೆನ್ನೈಗೆ ಕಳಸ್ತೀನಿ."

ನಾನೋ, ಅಷ್ಟರಲ್ಲಾಗಲೇ ಅಂಗಡಿ ಬೋರ್ಡಿನ ಮೇಲೆ 'ಕ್ಯಾರವಾನ್ ಸ್ಪೆಷಲಿಸ್ಟ್' ಎಂದು ಬರೆಸಿಬಿಟ್ಟಿದ್ದೆ. ಗಾಡಿ ಕೈತಪ್ಪಿದರೆ ಬೀದಿಯವರೆಲ್ಲ ನಗುತ್ತಾರೆ.

೧. ಹಸೆಮಣೆ

ಹಲಸೂರಿನಲ್ಲಿ ಒಂದು ಛತ್ರದ ಪಕ್ಕ ಶೂಟಿಂಗ್. ನೆಲ ಮೆತ್ತಗಿದ್ದರೆ ಜಾಕಿ ಹೂತುಹೋಗುತ್ತದೆ, ಒಳ್ಳೇ ಮರದ ದಪ್ಪನೆಯ ಹಲಗೆ ಹುಡುಕಿ ಕೆಳಗಿಡು ಎಂದು ಡ್ರೈವರಿಗೆ ಹೇಳಿಕೊಟ್ಟಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು, ಮದುವೆಯವರು ಗಾಡಿಯನ್ನು ಮುತ್ತಿಕೊಂಡಿದ್ದಾರೆ ಎಂದು. ಓಡಿ ಹೋಗಿ ಬಗ್ಗಿ ನೋಡಿದರೆ, ಮುಂದಿನ ಎರಡು ಕಾಲಿನ ಕೆಳಗೆ ರಂಗೋಲಿ ಬಿಡಿಸಿದ ಎರಡು ಹಸೆಮಣೆ. ಮುಹೂರ್ತಕ್ಕೆ ಹತ್ತು ನಿಮಿಷವಿತ್ತು. ಗಂಡೂ ಹೆಣ್ಣೂ ಮಂಟಪದಲ್ಲಿ ನಿಂತೇ ಇದ್ದರು.

"ನೀವೇ ತಾನೇ ಅಣ್ಣಾ, ಒಳ್ಳೇ ಮರ ಹುಡುಕು ಅಂದಿದ್ದು?" ಎಂದ ಡ್ರೈವರ್.

ಒಳಗೆ ನಾಯಕಿಯ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದರು. ಐದು ನಿಮಿಷ ಗಾಡಿ ಅಲ್ಲಾಡಿಸಬೇಡಿ ಎಂದು ಮೇಕಪ್‌ನವರು ಗೋಗರೆದರು. ಹೊರಗೆ ಹೆಣ್ಣಿನ ಸೋದರಮಾವ ಅಂಗಿಯ ತೋಳು ಮಡಚುತ್ತಿದ್ದರು. ನಾನು ಸೋದರಮಾವನಿಗೆ ಹೆದರಿ ಕಾಲು ಎತ್ತಿಸಿದೆ. ಮಣೆ ಮಂಟಪಕ್ಕೆ ಹೋಯಿತು, ಕಾಡಿಗೆ ಕಿವಿಯವರೆಗೆ ಹೋಯಿತು.

ಮಾಲೀಕರು ಫೋನಿನಲ್ಲಿ ಒಂದೇ ಮಾತು ಹೇಳಿದರು: "ಒಂದಾತು."

೨. ಬೆನ್ಸನ್ ಟೌನಿನ ಗೇಟು

ಟ್ಯಾಂಕಿನಲ್ಲಿ ಆಯಿಲ್ ಎಷ್ಟಿದೆ ಎಂದು ನೋಡುವಾಗ ನಾಲ್ಕೂ ಕಾಲು ಮಡಚಿರಬೇಕು. ಕಾಲು ಇಳಿದಿದ್ದರೆ ಆಯಿಲೆಲ್ಲ ಕಾಲಿನೊಳಗಿರುತ್ತದೆ, ಟ್ಯಾಂಕು ಖಾಲಿ ಕಾಣುತ್ತದೆ. ಇದನ್ನು ಹೇಳಿಕೊಡಲು ಮರೆತವನು ನಾನೇ, ಒಪ್ಪಿಕೊಳ್ಳುತ್ತೇನೆ. ಬೆನ್ಸನ್ ಟೌನಿನ ಒಂದು ಹಳೇ ಬಂಗಲೆಯ ಮುಂದೆ ಕಾಲೂರಿ ನಿಂತಿದ್ದಾಗ ಡ್ರೈವರ್ ಟ್ಯಾಂಕು ನೋಡಿ ಮರುಗಿ ಕಂಠಪೂರ್ತಿ ತುಂಬಿಸಿದ. ಸಂಜೆ ಕಾಲು ಮಡಚಿದ್ದೇ ತಡ, ಕಾಲಿನಲ್ಲಿದ್ದ ಆಯಿಲೆಲ್ಲ ವಾಪಸ್ ಬಂದು, ಜಾಗ ಸಾಲದೆ ಮುಚ್ಚಳ ಹಾರಿಸಿಕೊಂಡು ಚಿಮ್ಮಿತು. ಬಂಗಲೆಯ ಯಜಮಾನರು ಮಿಲಿಟರಿಯಿಂದ ನಿವೃತ್ತರಾದವರು, ಬಿಳಿ ಪ್ಯಾಂಟು ತೊಟ್ಟು ಗೇಟಿಗೆ ಒರಗಿ ನಿಂತಿದ್ದರು. ಅವರಿಗೂ ಗೇಟಿಗೂ ಒಟ್ಟಿಗೇ ಅಭಿಷೇಕವಾಯಿತು.

ಮಾರನೇ ದಿನ ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಅವರು ಗೇಟನ್ನು ಎರಡು ಸಲ ತೆಗೆದು ಮುಚ್ಚಿ ತೋರಿಸಿದರು.

"ಇಪ್ಪತ್ತು ವರ್ಷದಿಂದ ಕಿರ್ ಅಂತಿತ್ತು. ಪ್ಯಾಂಟ್ ಹೋದ್ರೆ ಹೋಗ್ಲಿ. ಹಿಂದಿನ ಗೇಟಿಗೆ ಯಾವಾಗ ಬರ್ತೀರಿ?"

ಮಾಲೀಕರು ಮಾತ್ರ ಇದಕ್ಕೆ ನಗಲಿಲ್ಲ. ಎರಡು ಬೆರಳು ತೋರಿಸಿದರು.

೩. ನಾಲ್ಕು ನಿಂಬೆಹಣ್ಣು

ಆಯುಧಪೂಜೆಯ ದಿನ, ಕೆ.ಆರ್. ಪುರದಲ್ಲಿ ಮಾಲೀಕರ ಮನೆಯಂಗಳ. ಚಕ್ರ ತೊಳೆಯಲೆಂದು ಡ್ರೈವರ್ ಕಾಲಿಳಿಸಿ ಇಡೀ ಗಾಡಿಯನ್ನು ನೆಲ ಬಿಟ್ಟು ಎತ್ತಿದ್ದಾನೆ. ಜೊತೆಗೆ ಬೆಳಗಿನಿಂದ ಗಾಡಿಯೊಳಗೆ ಭಕ್ತಿಗೀತೆ, ಮೈತುಂಬ ಸೀರಿಯಲ್ ಲೈಟು. ಅವಕ್ಕೂ ಜಾಕಿಗೂ ಒಂದೇ ಬ್ಯಾಟರಿ. ಅದು ಪ್ರಾಣ ಬಿಟ್ಟಿತು, ಕಾಲು ಮಡಚಲಿಲ್ಲ. ಇಂಜಿನ್ನಿನ ಬ್ಯಾಟರಿ ಬೇರೆ, ಅದು ಗಟ್ಟಿಮುಟ್ಟಾಗಿತ್ತು.

ಪುರೋಹಿತರು ಮಂಗಳಾರತಿ ಮುಗಿಸಿ ನೇತಾಡುವ ಚಕ್ರಗಳ ಕೆಳಗೇ ನಾಲ್ಕು ನಿಂಬೆಹಣ್ಣು ಇಟ್ಟರು. ಡ್ರೈವರ್ ಗೇರು ಹಾಕಿದ. ಹಿಂದಿನ ಚಕ್ರ ಗಿರಗಿರನೆ ತಿರುಗಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ನಿಂಬೆಹಣ್ಣಿಗೆ ಒಂದು ಗೀರೂ ಇಲ್ಲ. ಮಾಲೀಕರ ಮುಖ ಬಿಳಿಚಿಕೊಂಡಿತು. ಮಾರನೇ ದಿನ ಮೈಸೂರಿನಲ್ಲಿ ಶೂಟಿಂಗ್. ನಿಂಬೆಹಣ್ಣು ಒಡೆಯದೆ ಗಾಡಿ ಗೇಟು ದಾಟುವ ಹಾಗಿಲ್ಲ. ನನಗೆ ಬುಲಾವ್ ಬಂತು.

ಕರೆಂಟಿಲ್ಲದಾಗ ಆಯಿಲ್ ವಾಪಸ್ ಬಿಡಲು ಪಕ್ಕದ ಪೆಟ್ಟಿಗೆಯಲ್ಲಿ ಒಂದು ವಾಲ್ವ್ ಇತ್ತು. ಸ್ಪ್ಯಾನರಿನಿಂದ ತಿರುಗಿಸಿದರೆ ಮುಗಿಯಿತು. ಆದರೆ ಸ್ಪ್ಯಾನರ್ ಎಲ್ಲಿಂದ ತರಲಿ? ನನ್ನವೆಲ್ಲ ಅಂಗಡಿಯಲ್ಲಿ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು. ಪೂಜೆಗಿಟ್ಟ ಆಯುಧ ಮಾರನೇ ದಿನದವರೆಗೆ ಮುಟ್ಟುವಂತಿಲ್ಲ. ಆ ರಸ್ತೆಯ ಗ್ಯಾರೇಜು, ಪಂಚರ್ ಅಂಗಡಿ, ಲೇತ್ ಶೆಡ್ಡು ಎಲ್ಲ ಸುತ್ತಿದೆ. ಎಲ್ಲರೂ ಪ್ರಸಾದ ಕೊಟ್ಟರು, ಒಬ್ಬರೂ ಸ್ಪ್ಯಾನರ್ ಕೊಡಲಿಲ್ಲ. ಎರಡು ಜೇಬಿನ ತುಂಬ ಕಡಲೆಪುರಿ ಹೊತ್ತು ಬರಿಗೈಯಲ್ಲಿ ಬಂದು ನಿಂತೆ. ನನ್ನ ಬೋರ್ಡನ್ನು ಯಾರೋ ಅಳಿಸುತ್ತಿರುವುದೇ ಕಣ್ಣಿಗೆ ಕಟ್ಟಿತು. ನಿಜಕ್ಕೂ ಅಳು ಬಂದಿತ್ತು.

ಆಗ ಪುರೋಹಿತರು ತಮ್ಮ ಸ್ಕೂಟರಿನ ಡಿಕ್ಕಿ ತೆಗೆದು ಒಂದು ಸ್ಪ್ಯಾನರ್ ಕೊಟ್ಟರು. ಪೂಜೆಗಿಟ್ಟಿಲ್ಲವೇ ಸ್ವಾಮಿ ಎಂದು ಬೆರಗಾಗಿ ಕೇಳಿದೆ.

"ಬೆಳಗ್ಗೆಯಿಂದ ಊರವರ ಗಾಡಿಗೇ ಪೂಜೆ ಮಾಡ್ತಿದೀನಪ್ಪಾ. ನನ್ನ ಸ್ಕೂಟರ್ ತೊಳ್ಯೋಕೂ ಪುರುಸೊತ್ತಾಗಿಲ್ಲ."

ಎಲ್ಲರನ್ನೂ ದೂರ ಸರಿಸಿದೆ. ಮಾಲೀಕರು ಮಾತ್ರ ನಿಂಬೆಹಣ್ಣು ಒಡೆಯುವುದನ್ನು ಕಣ್ಣಾರೆ ನೋಡಲೇಬೇಕೆಂದು ಮುಂದಿನ ಚಕ್ರದ ಎದುರು ಕುಕ್ಕರಗಾಲಿನಲ್ಲಿ ಕೂತರು. ವಾಲ್ವ್ ತಿರುಗಿಸಿದೆ. ಬುಸ್ ಎಂದು ಇಡೀ ಗಾಡಿ ಒಮ್ಮೆಲೇ ಕೆಳಗೆ ಕೂತಿತು. ನಾಲ್ಕು ಹಣ್ಣೂ ಒಟ್ಟಿಗೇ ಒಡೆದವು. ಮುಂದಿನದರ ರಸ ನೇರವಾಗಿ ಮಾಲೀಕರ ಎರಡೂ ಕಣ್ಣಿಗೆ ಹಾರಿತು.

ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಧಾರಾಕಾರ ನೀರು ಸುರಿಸುತ್ತ, ನಾಲ್ಕೂ ಒಡೆದವೇ ಎಂದು ಕೇಳಿದರು. ಒಡೆದವು ಎಂದೆ. ಇದು ಮೂರನೆಯದಾಯಿತಲ್ಲ ಎಂದು ನಾನೇ ಮೆಲ್ಲಗೆ ನೆನಪಿಸಿದೆ.

ಅವರು ಕಣ್ಣು ಮುಚ್ಚಿಕೊಂಡೇ ನನ್ನ ಭುಜ ತಡಕಿ ಹಿಡಿದುಕೊಂಡರು.

"ಯಾವ ಮೂರನೇದ್ರಿ? ನನಗೇನೂ ಕಾಣವಲ್ದು."