ಟವಲಿನ ಕೆಳಗಿನ ಗಡಿಯಾರ

ಕರೆಂಟಿನ ಜೊತೆ ಸಂಸಾರ ಹೂಡಿದವನ ಮನೆಯಲ್ಲಿ ನಗುವವರಿಗೆ ಬರವಿಲ್ಲ; ನಗೆಪಾಟಲಾಗುವವನು ಮಾತ್ರ ಯಾವಾಗಲೂ ಒಬ್ಬನೇ. ಐವತ್ತರ ದಶಕದ ಕೊನೆಗೆ ಆದೋನಿಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಕೆಂಪಗೆ ಹೊಳೆಯುವ ಅಂಕಿಗಳಲ್ಲಿ ಗಂಟೆ ತೋರಿಸುವ ಗಡಿಯಾರವನ್ನು ಕೈಯಾರೆ ಕಟ್ಟುವ ಹುಚ್ಚು ಆಗ ನನಗೆ ಹಿಡಿಯಿತು. ನಮ್ಮ ಮಾವ ಹತ್ತಿ ವ್ಯಾಪಾರಿ. ಹತ್ತಿ ಸುಗ್ಗಿ ಶುರುವಾಗುವುದರೊಳಗೆ ಗಡಿಯಾರ ನಡೆಯದಿದ್ದರೆ ರೇಡಿಯೋ ಅಂಗಡಿಗೆ ಬೀಗ ಹಾಕಿ ತಮ್ಮ ಹತ್ತಿ ಅಂಗಡಿಯ ಗದ್ದಿಗೆ ಬಂದು ಕೂರಬೇಕೆಂದರು. ನನಗೋ ಹತ್ತಿ ಕಂಡರೆ ಸಾಕು, ಸೀನು.

ಬೀಜ

ಬಳ್ಳಾರಿಯ ಗುಜರಿಯಲ್ಲಿ ಹನ್ನೆರಡು ಪುಟ್ಟ ನಿಯಾನ್ ಬಲ್ಬು ಸಿಕ್ಕವು. ಗಂಟೆಗೊಂದು. ಒಡೆಯಬಾರದೆಂದು ಹತ್ತಿಯಲ್ಲಿ ಸುತ್ತಿ ತಂದು ಮನೆಯಲ್ಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಪೊಟ್ಟಣವೇ ಇಲ್ಲ. ದೇವರ ಮುಂದೆ ಹೊಸ ಹೂಬತ್ತಿಗಳ ಸಾಲು. ನನ್ನ ಬಲ್ಬು ಎಲ್ಲಿ ಎಂದು ಗಾಬರಿಯಿಂದ ಕೇಳಿದೆ. ಹೆಂಡತಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಪಕ್ಕ ಬೆಳೆದವಳು, ಶಾಂತವಾಗಿ ಬಟ್ಟಲು ತಂದಿಟ್ಟಳು.

"ಬೀಜ ಬಿಡಿಸಿ ಇಟ್ಟೀನ್ರಿ. ಎಣಿಸ್ಕೋರಿ, ಹನ್ನೆರಡೂ ಅದಾವ."

ಎಡಗೈ

ಈ ಬಲ್ಬುಗಳಿಗೆ ಜಾಸ್ತಿ ವೋಲ್ಟೇಜ್ ಬೇಕು. ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರ್, ಒಂದು ವಾಲ್ವು, ಎರಡು ಕಂಡೆನ್ಸರ್ ಸೇರಿಸಿ ಪವರ್ ಸಪ್ಲೈ ಕಟ್ಟಿದೆ. ಇಂಥದ್ದನ್ನು ಮುಟ್ಟುವಾಗ ಎಡಗೈ ಬೆನ್ನ ಹಿಂದೆ ಇರಬೇಕು, ಇಲ್ಲದಿದ್ದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ ಎಂದು ನನ್ನ ಗುರು ಕಲಿಸಿದ್ದ. ಆ ಅಭ್ಯಾಸ ಎಷ್ಟು ಅಂಟಿತೆಂದರೆ, ಪಕ್ಕದ ಮನೆಯ ಅಜ್ಜಿ ಪ್ರಸಾದ ತಂದಾಗಲೂ ಒಂದೇ ಕೈ ಚಾಚಿದೆ. ನನ್ನ ಎಡಗೈ ಬಿದ್ದುಹೋಗಿದೆ ಎಂದುಕೊಂಡ ಅಜ್ಜಿ ಕಣ್ಣೊರೆಸಿಕೊಂಡು ಹೋದರು. ಸಂಜೆಗೆ ಔಡಲ ಎಣ್ಣೆಯೊಂದಿಗೆ ಬಂದು ನನ್ನ ಎಡಗೈಯನ್ನು ಭುಜದಿಂದ ಬೆರಳಿನವರೆಗೆ ತಿಕ್ಕಿದರು. ಬೇಡವೆಂದರೆ ಕೇಳುವವರಾರು?

ಮರುದಿನ ಎರಡೂ ಕೈ ಎತ್ತಿ ಅವರಿಗೆ ನಮಸ್ಕಾರ ಮಾಡಿದೆ. ಅಂದಿನಿಂದ ಅಜ್ಜಿಯ ಎಣ್ಣೆಗೆ ಓಣಿ ಓಣಿಯಿಂದ ಜನ.

ಹನ್ನೆರಡು ಗಂಟೆ

ತಗಡಿನಲ್ಲಿ ಅಂಕಿ ಕೊರೆದು, ಪ್ರತಿ ಅಂಕಿಯ ಹಿಂದೆ ಒಂದು ಬಲ್ಬು ಕೂರಿಸಿ, ಹಳೇ ಗೋಡೆ ಗಡಿಯಾರದ ಯಂತ್ರಕ್ಕೆ ವೈರು ಜೋಡಿಸಿದೆ. ಸ್ವಿಚ್ ಹಾಕಿದರೆ ಒಂದರಿಂದ ಹನ್ನೆರಡರವರೆಗೆ ಎಲ್ಲ ಅಂಕಿಗಳೂ ಒಟ್ಟಿಗೆ ಹೊಳೆದವು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಹೆಂಡತಿ ನೋಡಿ ಸಮಾಧಾನ ಹೇಳಿದಳು.

"ಹನ್ನೆರಡರಾಗ ಒಂದಂತೂ ಖರೇ ಇರ್ತೈತಿ ಬಿಡ್ರಿ."

ಅವಳ ಮೇಲೆ ನನಗಿದ್ದ ಪ್ರೀತಿ ಆ ದಿನ ದುಪ್ಪಟ್ಟಾಯಿತು.

ದರ

ಸುಗ್ಗಿಗೆ ಎರಡು ದಿನ ಮುಂಚೆ ಗಡಿಯಾರ ಸರಿಯಾಯಿತು. ಮಾವ ನೋಡಲು ಬರುತ್ತಾರೆಂದು ಸ್ವಿಚ್ ಆರಿಸಿ, ಮೂಲೆಯ ಪವರ್ ಸಪ್ಲೈ ಮೇಲೆ ಧೂಳು ಕೂರದಂತೆ ಟವಲು ಹೊದಿಸಿದೆ. ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿಯುತ್ತದೆ. ಅದನ್ನು ಇಳಿಸುವುದು ಗಡಿಬಿಡಿಯಲ್ಲಿ ಮರೆತೆ.

ನಮ್ಮ ಹತ್ತಿ ವ್ಯಾಪಾರಿಗಳು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವಲಿನ ಕೆಳಗೆ ಕೈ ಹಾಕಿ, ಒಬ್ಬರ ಬೆರಳು ಇನ್ನೊಬ್ಬರು ಒತ್ತಿ ತಿಳಿಸುವುದು ರೂಢಿ. ಮಾವ ಬಂದರು, ಆ ಮೂಲೆಗೇ ಕೂತರು, ಬೆಳೆಯ ಮಾತಾಡಿದರು. ಮಾತಾಡುತ್ತಲೇ ಪಕ್ಕದಲ್ಲಿದ್ದ ಟವಲಿನ ಕೆಳಗೆ ಅವರ ಕೈ ತಾನೇ ಸರಿಯಿತು. ಮೂವತ್ತು ವರ್ಷದ ಅಭ್ಯಾಸ. ನಾನು ಬೇಡ ಎನ್ನುವಷ್ಟರಲ್ಲಿ ಅವರು ಕೂತಲ್ಲಿಂದ ಗೇಣೆತ್ತರ ಹಾರಿ ಕೂತರು.

ಹೆಂಡತಿ ನೀರು ತಂದಳು. ಮಾವ ಬೆರಳು ನೋಡಿಕೊಂಡರು. ನನ್ನ ಕಥೆ ಮುಗಿಯಿತು, ನಾಳೆಯಿಂದ ಸೀನುವುದೇ ಗತಿ ಎಂದುಕೊಂಡು ಸ್ವಿಚ್ ಹಾಕಿದೆ. ಐದು ಎಂಬ ಅಂಕಿ ಕೆಂಪಗೆ ಹೊಳೆಯಿತು. ಮಾವ ಜೇಬಿನ ಗಡಿಯಾರ ತೆಗೆದು ನೋಡಿದರು. ಐದೇ.

ಎದ್ದು ಹೊಸ್ತಿಲವರೆಗೆ ಹೋದವರು ತಿರುಗಿ ನಿಂತರು.

"ಸರೇ ಅಳಿಯರ, ನೀವು ರೇಡಿಯೋ ಅಂಗಡ್ಯಾಗೇ ಇರ್ರಿ. ಮೊದಲನೇ ಮಾತಿಗೇ ಇಷ್ಟು ದರ ಏರಿಸಾವ್ರು ನಮ್ಮ ಮಾರ್ಕೆಟ್ಟಿಗೆ ಬಂದ್ರ, ನಾವ್ಯಾರೂ ಉಳಿಯಂಗಿಲ್ಲ."